ಅಳತೆ, ಪ್ರಮಾಣ, ಪ್ರಾಮಾಣಿಕತೆ

ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರ ಪಾಲಿಗೆ ಊರಿನ ಹೊಲವೆಂಬುದು ಎರಡು ಕಡೆ ಇರುತ್ತದೆ. ಒಂದು ಊರಿನಲ್ಲಿ, ಮಳೆಗೆ ನೆನೆದು, ಬಿಸಿಲಿಗೆ ಬಿರಿದು, ಅಲ್ಲಿ ಉಳಿದವರ ಬೆವರಿನಿಂದ ಹಸುರಾಗುವುದು. ಇನ್ನೊಂದು ನಮ್ಮ ತಲೆಯೊಳಗೆ. ಇದಕ್ಕೆ ಮಳೆಯ ಹಂಗಿಲ್ಲ, ಬಿತ್ತನೆಯ ಖರ್ಚಿಲ್ಲ. ಸಂಶಯವೆಂಬ ಕಳೆ ಮಾತ್ರ ಹನ್ನೆರಡು ತಿಂಗಳೂ ಹುಲುಸಾಗಿ ಬೆಳೆಯುತ್ತದೆ. ಕಚೇರಿಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ, "ಬದುವನ್ನು ಯಾರಾದರೂ ಒತ್ತಿದರೋ ಏನೋ, ನಮ್ಮ ಪಾಲು ನಮಗೆ ಸರಿಯಾಗಿ ಉಳಿದಿದೆಯೋ ಇಲ್ಲವೋ" ಎಂಬ ಯೋಚನೆ ಸುಳಿದು ಹೋಗದ ಹೊರನಾಡಿಗರು ವಿರಳ.

ಹಿಂದೆ ಈ ಸಂಶಯಕ್ಕೆ ಮದ್ದಿರಲಿಲ್ಲ. ಊರಿಗೆ ಹೋದಾಗ ಹೊಲದಲ್ಲಿ ನಾಲ್ಕು ಹೆಜ್ಜೆ ಹಾಕಿ, ಕಣ್ಣಂದಾಜು ಮಾಡಿ, ಸುಮ್ಮನೆ ಬರಬೇಕಾಗುತ್ತಿತ್ತು. ಈಗ ಕಿಸೆಯಲ್ಲಿರುವ ಫೋನೇ ಹೊಲವನ್ನು ಅಳೆದು, ಎಕರೆಯಲ್ಲೋ ಚದರ ಮೀಟರಿನಲ್ಲೋ ಅಂಕಿಯನ್ನು ಅಂಗೈಯಲ್ಲಿ ಇಡುತ್ತದೆ. ಆ ಅಂಕಿಯನ್ನು ಓದುವುದು ಹೇಗೆ? ಓದಿದ ಮೇಲೆ, ಅದರ ಬಲದಿಂದ ಇನ್ನೊಬ್ಬರನ್ನು ಕುರಿತು ಏನು ಹೇಳುವ ಅಧಿಕಾರ ನಮಗೆ ಬರುತ್ತದೆ? ಮೊದಲನೆಯದು ಗಣಿತದ ಪ್ರಶ್ನೆ, ಎರಡನೆಯದು ಧರ್ಮದ ಪ್ರಶ್ನೆ. ಇವೆರಡಕ್ಕೂ ಸಂಬಂಧವಿಲ್ಲವೆಂದೇ ನಾವು ಬಹುಕಾಲ ತಿಳಿದಿದ್ದೆವು. ಆ ತಿಳಿವಳಿಕೆ ತಪ್ಪೆಂದು ಅರಿವಾದ ಸಂದರ್ಭವನ್ನು, ಸ್ವಲ್ಪ ನಾಚಿಕೆಯಿಂದಲೇ, ಸಂಘದ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ನಮ್ಮ ತಂದೆಯವರು ಬಿಟ್ಟುಹೋದ ಭೂಮಿ ಇದೆ. ಪಹಣಿಯಲ್ಲಿ ಅದರ ವಿಸ್ತೀರ್ಣ 4-32. ತಂದೆಯವರು ತೀರಿಕೊಂಡ ವರ್ಷ, ನಡುವೆ ಒಂದು ಬದು ಹಾಕಿ, ಬಡಗಣ ಭಾಗ ಅಣ್ಣನಿಗೆ, ತೆಂಕಣ ಭಾಗ ನಮಗೆ ಎಂದು ಬಾಯಿಮಾತಿನಲ್ಲಿ ಹಂಚಿಕೆಯಾಯಿತು. ನಾವು ಪುಣೆಯಲ್ಲಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಎರಡೂ ಭಾಗಗಳನ್ನು ಉಳುವವನು ಅಣ್ಣನೇ. ಖರ್ಚು ಕಳೆದು ನಮ್ಮ ಭಾಗದ ಉತ್ಪನ್ನದ ಹಣವನ್ನು ವರ್ಷಕ್ಕೊಮ್ಮೆ ಕಳಿಸುತ್ತಾನೆ.

ಕಳೆದ ದೀಪಾವಳಿಗೆ ಊರಿಗೆ ಹೊರಟಾಗ ಮಗ ನಮ್ಮ ಫೋನಿಗೆ ಅಳತೆಯ ಆ್ಯಪ್ ಒಂದನ್ನು ಹಾಕಿಕೊಟ್ಟಿದ್ದ. ಗಡಿಯ ಗುಂಟ ಒಂದು ಸುತ್ತು ನಡೆದುಬಂದರೆ ಸಾಕು, ಕ್ಷೇತ್ರಫಲ ತಾನೇ ಮೂಡುತ್ತದೆ. ಅಣ್ಣ ಸಂತೆಗೆ ಹೋಗಿದ್ದ ಒಂದು ಮಧ್ಯಾಹ್ನ ನಾವು ಹೊಲಕ್ಕೆ ಹೋದೆವು. ಅವನ ಭಾಗದ ಗೋವಿನಜೋಳ ಕಟಾವಾಗಿತ್ತು, ನಡೆಯುವುದು ಸುಲಭವಾಗಿತ್ತು. ನಮ್ಮ ಭಾಗದಲ್ಲಿ ಹತ್ತಿ ಎದೆಮಟ್ಟ ನಿಂತಿತ್ತು. ಆದುದರಿಂದ ಅಣ್ಣನ ಭಾಗವನ್ನು ಮಾತ್ರ ಸುತ್ತಿದೆವು. ಫೋನು 2.41 ಎಕರೆ ಎಂದಿತು.

ಬದುವಿನ ಮೇಲೆ ಕುಳಿತು ಲೆಕ್ಕ ಹಾಕಿದೆವು. ಪಹಣಿಯಲ್ಲಿರುವುದು 4-32. ಅರ್ಧವೆಂದರೆ 2-16. ಅಣ್ಣನ ವಶದಲ್ಲಿರುವುದು 2.41. ವ್ಯತ್ಯಾಸ 25. ಇಪ್ಪತ್ತೈದು ಗುಂಟೆ! ಅರ್ಧ ಎಕರೆಗೂ ಮೀರಿದ ಭೂಮಿ. ಅದು ನಮ್ಮ ಭಾಗದಿಂದಲ್ಲದೆ ಬೇರೆಲ್ಲಿಂದ ಬಂದೀತು? ವರ್ಷವರ್ಷ ಕೈಗೆ ಬಂದ ಹಣ ಕಡಿಮೆಯಾಯಿತೆಂದು ಅನಿಸಿದ್ದಕ್ಕೆಲ್ಲ ಆ ಕ್ಷಣದಲ್ಲಿ ಕಾರಣ ಸಿಕ್ಕಿಬಿಟ್ಟಿತು. ಹತ್ತು ವರ್ಷಗಳ ಸಂಶಯಕ್ಕೆ ಹತ್ತು ನಿಮಿಷಗಳಲ್ಲಿ ಸಾಕ್ಷಿ ದೊರೆತಂತಾಯಿತು.

ರಾತ್ರಿ ಊಟಕ್ಕೆ ಕುಳಿತಾಗ ಮಾತನ್ನು ಎತ್ತಿಯೇಬಿಟ್ಟೆವು. "ಅಳತೆಯಲ್ಲಿ ನಿನ್ನ ಕಡೆ ಇಪ್ಪತ್ತೈದು ಗುಂಟೆ ಹೆಚ್ಚು ಬರುತ್ತಿದೆಯಲ್ಲ?" ಎಂದೆವು. ಅಣ್ಣ ರೊಟ್ಟಿ ಮುರಿಯುತ್ತಿದ್ದ ಕೈಯನ್ನು ನಿಲ್ಲಿಸಿದ. ಅತ್ತಿಗೆ ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಅಣ್ಣ, "ಸರ್ವೇದವರನ್ನ ಕರಸು. ಅವರು ಕಲ್ಲ ಎಲ್ಲಿ ನೆಟ್ಟರೂ ನನಗ ಒಪ್ಪಿಗಿ ಐತಿ" ಎಂದಷ್ಟೇ ಹೇಳಿ ಕೈ ತೊಳೆದುಕೊಂಡ. ಮರುದಿನ ಬಸ್ಸಿಗೆ ಬಿಡಲು ಬಂದ. ಎಂದಿನಂತೆ ಜೋಳದ ಹಿಟ್ಟಿನ ಚೀಲವನ್ನು ಹೊತ್ತು ತಂದ. ಮಾತನ್ನು ಮಾತ್ರ ತಂದಿರಲಿಲ್ಲ.

ಪುಣೆಗೆ ಮರಳಿದ ಮೇಲೆ ಸಂಘದ ರಾಜ್ಯೋತ್ಸವದ ಸಿದ್ಧತೆಯ ಸಭೆಯಲ್ಲಿ ಉಡುಪಿಯ ಕಡೆಯ ಹಿರಿಯ ಮಿತ್ರರೊಬ್ಬರು ಭೇಟಿಯಾದರು. ಬ್ಯಾಂಕಿನಿಂದ ನಿವೃತ್ತರಾದವರು, ಲೆಕ್ಕದಲ್ಲಿ ನಿಷ್ಠುರರು. ಅವರೊಡನೆ ನಮ್ಮ ಕಷ್ಟವನ್ನು ತೋಡಿಕೊಂಡೆವು. ಎಲ್ಲವನ್ನೂ ಕೇಳಿ ಅವರು, "ಫೋನು ಹೇಳಿದ್ದು ಎರಡು ಎಕರೆ ನಲವತ್ತೊಂದು ಸೆಂಟ್ಸ್ ಅಲ್ಲವೋ? ನಿಮ್ಮ ಪಹಣಿಯಲ್ಲಿರುವುದು ಸೆಂಟ್ಸೋ, ಗುಂಟೆಯೋ?" ಎಂದು ಕೇಳಿದರು.

ಆ ಒಂದು ಪ್ರಶ್ನೆಗೆ ನಮ್ಮ ಇಪ್ಪತ್ತೈದು ಗುಂಟೆಯೂ ಕರಗಿಹೋಯಿತು.

ಲೆಕ್ಕವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಈ ತಪ್ಪು ನಮ್ಮೊಬ್ಬರದಾಗಿರಲಾರದು. ಒಂದು ಎಕರೆಗೆ 40 ಗುಂಟೆ. ಪಹಣಿಯಲ್ಲಿ 4-32 ಎಂದಿದ್ದರೆ 4 ಎಕರೆ 32 ಗುಂಟೆ. ಎಂದರೆ ಒಟ್ಟು 192 ಗುಂಟೆ. ಅದರ ಅರ್ಧ 96 ಗುಂಟೆ, 2 ಎಕರೆ 16 ಗುಂಟೆ. ಇಷ್ಟರವರೆಗೆ ನಮ್ಮ ಲೆಕ್ಕ ಸರಿಯೇ. ಆದರೆ ಫೋನಿನ 2.41 ದಶಮಾಂಶದ ಎಕರೆ. ಅದರಲ್ಲಿ .41 ಎಂದರೆ 41 ಗುಂಟೆಯಲ್ಲ, ಎಕರೆಯ ನೂರರಲ್ಲಿ 41 ಪಾಲು. ಅದನ್ನು 40ರಿಂದ ಗುಣಿಸಿದರೆ ಬರುವುದು 16.4 ಗುಂಟೆ. ಎಂದರೆ ಅಣ್ಣನ ಭಾಗ 2 ಎಕರೆ 16 ಗುಂಟೆ, ಮೇಲೆ ಅರ್ಧ ಗುಂಟೆಗೂ ಕಡಿಮೆ. ತಂದೆಯವರ ಭೂಮಿಯ ಅರ್ಧ ಎಷ್ಟಿರಬೇಕೋ ಅಷ್ಟೇ. ಒಂದು ಎಕರೆಗೆ ನಲವತ್ತೇ ಗುಂಟೆಯಿರುವಾಗ "ನಲವತ್ತೊಂದು ಗುಂಟೆ" ಎಂಬ ಮಾತೇ ಅಸಂಬದ್ಧವೆಂದು ಶಾಲೆಯ ಹುಡುಗನಿಗೂ ಹೊಳೆಯಬೇಕು. ಬಿ.ಎಸ್ಸಿ. ಓದಿ, ಇಪ್ಪತ್ತು ವರ್ಷಗಳಿಂದ ಕಡತಗಳಲ್ಲಿ ಅಂಕಿಗಳನ್ನು ತಾಳೆ ನೋಡುತ್ತಿರುವ ನಮಗೆ ಹೊಳೆಯಲಿಲ್ಲ. ಏಕೆ ಹೊಳೆಯಲಿಲ್ಲವೆಂಬುದೇ ಈ ಲೇಖನದ ವಿಷಯ.

ಉಡುಪಿಯ ಮಿತ್ರರಿಗೆ ಅದು ಥಟ್ಟನೆ ಕಂಡದ್ದಕ್ಕೆ ಕಾರಣವುಂಟು. ಅವರ ಸೀಮೆ ಹಿಂದೆ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ಭೂಮಿಯ ಲೆಕ್ಕ ಎಕರೆ ಮತ್ತು ಸೆಂಟ್ಸಿನಲ್ಲಿ. ನೂರು ಸೆಂಟ್ಸಿಗೆ ಒಂದು ಎಕರೆಯಾದ್ದರಿಂದ ಫೋನಿನ ದಶಮಾಂಶವನ್ನು ಅವರು ಇದ್ದ ಹಾಗೆಯೇ ಓದಬಹುದು. ನಮ್ಮ ಧಾರವಾಡದ ಸೀಮೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1835ರ ಸುಮಾರಿಗೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಇದೇ ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿ ಆರಂಭಿಸಿದ ಭೂಮಾಪನ ಪದ್ಧತಿ ಮುಂದೆ ನಮ್ಮ ಕಡೆಗೂ ಬಂದಿತು. ಅದರ ಸರಪಳಿ 33 ಅಡಿಯದು. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ, 1089 ಚದರ ಅಡಿ. ಅಂಥ ನಲವತ್ತು ಸೇರಿದರೆ 43,560 ಚದರ ಅಡಿಯ ಒಂದು ಎಕರೆ. ಗುಂಟೆಗೆ ಮತ್ತೆ 16 ಆಣೆ. ಕನ್ನಡನಾಡು ಒಂದಾದದ್ದು 1956ರಲ್ಲಿ. ಅಳತೆಯ ಮಾತು ಇಂದಿಗೂ ಒಂದಾಗಿಲ್ಲ.

ಬೇರೆ ನಗರಗಳಲ್ಲಿರುವ ಬಂಧುಗಳಿಗೂ ಇಂಥ ತೊಡಕು ತಪ್ಪಿದ್ದಲ್ಲ. ಮಹಾರಾಷ್ಟ್ರದ ಸಾತ್‌ಬಾರಾ ಉತಾರೆಯಲ್ಲಿ ಲೆಕ್ಕ ಹೆಕ್ಟೇರು ಮತ್ತು ಆರ್‌ಗಳಲ್ಲಿ; ಒಂದು ಆರ್ ಎಂದರೆ 100 ಚದರ ಮೀಟರು, ನಮ್ಮ ಗುಂಟೆ 101 ಚದರ ಮೀಟರಿಗೆ ತುಸು ಹೆಚ್ಚು. ಎರಡೂ ಒಂದೇ ಎಂದು ಮಾತಿಗೆ ಹೇಳಬಹುದು, ಕಾಗದಕ್ಕೆ ಹೇಳಬಾರದು. ಹೈದರಾಬಾದಿನಲ್ಲಿ ಚದರ ಗಜ. ಒಂದು ಗುಂಟೆಗೆ 121 ಚದರ ಗಜ. ಚೆನ್ನೈಯಲ್ಲಿ 2400 ಚದರ ಅಡಿಯ ಗ್ರೌಂಡು, 435.6 ಚದರ ಅಡಿಯ ಸೆಂಟು. ಆದುದರಿಂದ ಫೋನಿನಲ್ಲಿ ಅಂಕಿಯನ್ನು ನೋಡುವ ಮೊದಲು ಅದರ ಪಕ್ಕದ ಮಾನವನ್ನು ನೋಡಬೇಕು. ಸಂದೇಹವಿದ್ದರೆ ಚದರ ಮೀಟರಿಗೆ ಬದಲಿಸಿಕೊಂಡು, ಪಹಣಿಯ ಅಂಕಿಯನ್ನೂ ಚದರ ಮೀಟರಿಗೆ ತಂದು, ಆಮೇಲೆ ಹೋಲಿಸಬೇಕು. ಇದೊಂದನ್ನು ಮಾಡಿದ್ದರೆ ನಮ್ಮ ಮನೆಯ ಒಂದು ರಾತ್ರಿಯ ಊಟ ಉಳಿಯುತ್ತಿತ್ತು.

ಮಾನದ ಮಾತು ಹೀಗಾಯಿತು. ಇನ್ನು ಫೋನು ಆ ಅಂಕಿಯನ್ನು ಕಂಡುಕೊಳ್ಳುವುದಾದರೂ ಹೇಗೆಂದು ನೋಡೋಣ.

ನಮ್ಮ ನೈಯಾಯಿಕರು ಜ್ಞಾನಕ್ಕೆ ಸಾಧನವಾದದ್ದನ್ನು ಪ್ರಮಾಣವೆಂದು ಕರೆದು, ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಬಗೆ ಮಾಡಿದರು. ಫೋನಿನ ಅಂಕಿ ಕಣ್ಣಿಗೆ ಕಾಣುವುದರಿಂದ ಪ್ರತ್ಯಕ್ಷವೆಂದು ನಾವು ಭ್ರಮಿಸುತ್ತೇವೆ. ಆದರೆ ಫೋನು ಹೊಲವನ್ನು ನೋಡಿಯೇ ಇಲ್ಲ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳು ಕಳಿಸುವ ಕಾಲಸೂಚನೆಗಳನ್ನು ಅದು ಕೇಳಿಸಿಕೊಳ್ಳುತ್ತದೆ. ಸೂಚನೆ ಬರಲು ಹಿಡಿದ ಕಾಲದಿಂದ ದೂರವನ್ನು ಊಹಿಸುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ದೂರಗಳಿಂದ ನಾವು ನಿಂತ ಸ್ಥಳವನ್ನು ಊಹಿಸುತ್ತದೆ. ಅಂಥ ಸ್ಥಳಗಳನ್ನು ಗೆರೆಯಿಂದ ಕೂಡಿಸಿ ಕ್ಷೇತ್ರಫಲವನ್ನು ಗಣಿಸುತ್ತದೆ. ಅನುಮಾನದ ಮೇಲೆ ಅನುಮಾನ, ಅದರ ಮೇಲೆ ಗಣಿತ. ಕೊನೆಗೆ ದಶಮಾಂಶದ ಎರಡು ಸ್ಥಾನಗಳಿರುವ ಅಂಕಿಯಾಗಿ ಅದು ಹೊರಬಂದಾಗ, ಶಾಸನದ ಕಲ್ಲಿನ ಮೇಲೆ ಕೆತ್ತಿದಂತೆ ತೋರುತ್ತದೆ.

ಆಕಾಶ ತೆರೆದ ಬಯಲಿನಲ್ಲಿ ಸಾಧಾರಣ ಸ್ಮಾರ್ಟ್‌ಫೋನು ನಮ್ಮ ಸ್ಥಾನವನ್ನು ಸುಮಾರು 5 ಮೀಟರಿನ ಆಚೀಚೆಯಲ್ಲಿ ಹೇಳಬಲ್ಲದು. ತೋಟದ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಈ ತಪ್ಪು ಇನ್ನೂ ಹೆಚ್ಚುತ್ತದೆ. ನಕಾಶೆಯಲ್ಲಿ ನಮ್ಮ ಸ್ಥಾನವನ್ನು ತೋರಿಸುವ ನೀಲಿ ಚುಕ್ಕಿಯ ಸುತ್ತ ತೆಳುವಾದ ಒಂದು ವೃತ್ತ ಕಾಣುತ್ತದಲ್ಲ, ಅದು ಅಲಂಕಾರವಲ್ಲ. "ಈ ವೃತ್ತದೊಳಗೆ ಎಲ್ಲೋ ನೀವಿದ್ದೀರಿ, ಇದಕ್ಕಿಂತ ಹೆಚ್ಚು ನಾನು ಹೇಳಲಾರೆ" ಎಂದು ಯಂತ್ರವೇ ಮಾಡುವ ತಪ್ಪೊಪ್ಪಿಗೆ ಅದು. ನಾವು ಚುಕ್ಕಿಯನ್ನು ನಂಬಿ ವೃತ್ತವನ್ನು ಮರೆಯುತ್ತೇವೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಚೌಕಾಕಾರದ ಒಂದು ಎಕರೆಯ ಪ್ರತಿ ಬದಿ ಸುಮಾರು 64 ಮೀಟರು. ನಾಲ್ಕೂ ಬದಿಯ ಗೆರೆ ಒಂದೊಂದು ಮೀಟರು ಹೊರಗೆ ಸರಿದರೆ ಎರಡೂವರೆ ಗುಂಟೆ ಹೆಚ್ಚುತ್ತದೆ. ಒಳಗೆ ಸರಿದರೆ ಅಷ್ಟೇ ಕುಗ್ಗುತ್ತದೆ. ಇನ್ನು 30-40ರ ನಿವೇಶನ. 1200 ಚದರ ಅಡಿ. ಗೆರೆ ಸುತ್ತಲೂ ಒಂದೇ ಒಂದು ಅಡಿ ಹೊರಗೆ ಹೋದರೆ ಅದು 32-42 ಆಗಿ 1344 ಚದರ ಅಡಿಯಾಗುತ್ತದೆ. ನೂರಕ್ಕೆ ಹನ್ನೆರಡು ಹೆಚ್ಚು! ನಿವೇಶನವನ್ನು ಫೋನು ಹಿಡಿದು ಅಳೆಯುವುದು, ಬಂಗಾರವನ್ನು ಕಟ್ಟಿಗೆ ಅಡ್ಡೆಯ ತಕ್ಕಡಿಯಲ್ಲಿ ತೂಗಿದಂತೆ. ಅಲ್ಲಿಗೆ ಟೇಪೇ ಸರಿ.

ಇನ್ನೊಂದು ಸೂಕ್ಷ್ಮವಿದೆ. ಒಂದು ಸುತ್ತು ನಡೆಯುವ ಹತ್ತಿಪ್ಪತ್ತು ನಿಮಿಷಗಳಲ್ಲಿ ಫೋನಿನ ತಪ್ಪು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಇರುವ ಸಂಭವ ಹೆಚ್ಚು. ಹಾಗಿದ್ದಾಗ ಹೊಲ ಇಡಿಯಾಗಿ ಮೂರು-ನಾಲ್ಕು ಮೀಟರು ಪಕ್ಕಕ್ಕೆ ಸರಿದು ಮೂಡುತ್ತದೆ, ಕ್ಷೇತ್ರಫಲ ಮಾತ್ರ ಹೆಚ್ಚು ಕೆಡುವುದಿಲ್ಲ. ಎಂದರೆ, "ಎಷ್ಟಿದೆ" ಎಂಬುದಕ್ಕೆ ಫೋನು ಕೊಡುವ ಉತ್ತರ ಸುಮಾರಾಗಿ ಸರಿಯಿದ್ದಾಗಲೂ "ಎಲ್ಲಿದೆ" ಎಂಬುದಕ್ಕೆ ಕೊಡುವ ಉತ್ತರ ತಪ್ಪಾಗಿರಬಹುದು. ಬದುವಿನ ಜಗಳವೆಲ್ಲ "ಎಲ್ಲಿ" ಎಂಬುದರ ಜಗಳ. ಉಪಗ್ರಹದ ಚಿತ್ರದ ಮೇಲೆ ಬೆರಳಿನಿಂದ ಗುರುತು ಹಾಕಿದರೂ ಇದೇ ಮಾತು. ಚಿತ್ರ ತೆಗೆದ ಕಾಲ ಬೇರೆ, ಚಿತ್ರ ಕೂತಿರುವ ಜಾಗದಲ್ಲಿ ಕೆಲವು ಮೀಟರುಗಳ ಓರೆ, ಬದುವಿನ ಮೇಲಿನ ಬೇವಿನ ಮರದ ನೆರಳು, ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಗುರುತುಗಳನ್ನು ಗಡಿಯ ಕ್ರಮದಲ್ಲಿ ಹಾಕದೆ ಹಿಂದುಮುಂದಾಗಿಸಿದರೆ ಗೆರೆಗಳು ಒಂದನ್ನೊಂದು ಕತ್ತರಿಸಿ, ಕ್ಷೇತ್ರಫಲ ಪೂರಾ ಸುಳ್ಳಾಗುತ್ತದೆ. ಮಲೆನಾಡಿನ ಇಳಿಜಾರಿನಲ್ಲಿ ಟೇಪು ಹಿಡಿದು ಅಳೆದವರಿಗೆ ಫೋನಿನ ಅಳತೆ ಕಡಿಮೆ ಕಂಡೀತು. ನಕಾಶೆ ಅಳೆಯುವುದು ಇಳಿಜಾರನ್ನಲ್ಲ, ಅದರ ಸಮತಲದ ನೆರಳನ್ನು. ಅದು ಮೋಸವಲ್ಲ, ಪದ್ಧತಿ.

ಪಹಣಿಯ ಕಡೆಯಿಂದಲೂ ಎಚ್ಚರ ಬೇಕು. ಅದರಲ್ಲಿ ಒಟ್ಟು ವಿಸ್ತೀರ್ಣ, ಖರಾಬು, ಉಳಿದದ್ದು ಎಂದು ಬೇರೆಬೇರೆ ಇರುತ್ತವೆ. ಬಂಡೆ, ಗುಂಡಿ ಮೊದಲಾದ ಸಾಗುವಳಿಗೆ ಬಾರದ ನೆಲ ಎ ಖರಾಬು. ಹಳ್ಳ, ಬಂಡಿದಾರಿ ಮೊದಲಾಗಿ ಸಾರ್ವಜನಿಕರಿಗೆ ಸಲ್ಲುವುದು ಬಿ ಖರಾಬು. ಫೋನಿಗೆ ಈ ಭೇದ ತಿಳಿಯದು. ಹಳ್ಳವನ್ನೂ ಹೊಲವನ್ನೂ ಕೂಡಿಯೇ ಅಳೆಯುತ್ತದೆ. ಕರ್ನಾಟಕ ಸರ್ಕಾರದ ದಿಶಾಂಕ್ ಎಂಬ ಆ್ಯಪ್ ಗ್ರಾಮ ನಕಾಶೆಯನ್ನು ಉಪಗ್ರಹದ ಚಿತ್ರದ ಮೇಲೆ ಹೊದಿಸಿ, ನಾವು ನಿಂತ ನೆಲದ ಸರ್ವೆ ನಂಬರನ್ನು ತೋರಿಸುತ್ತದೆ. ದೂರದಲ್ಲಿರುವವರಿಗೆ ಅದು ಬಹಳ ಉಪಕಾರಿ. ಆದರೆ ಅದೂ ದಿಕ್ಕು ತೋರಿಸುವ ಸಾಧನವೇ ಹೊರತು ಕಲ್ಲು ನೆಡುವ ಸಾಧನವಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಉಳಿಯುತ್ತದೆ. ಇದೆಲ್ಲ ನಮಗೆ ತಿಳಿಯದ ವಿಷಯವೇನಲ್ಲ. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮೊದಲ ದಿನ ಕಲಿಸಿದ್ದೇ ಇದನ್ನು. ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಕೊಟ್ಟ ನಮ್ಮ ಅಧ್ಯಾಪಕರು ಅಳೆಯಲು ಹೇಳಲಿಲ್ಲ. ಮೊದಲು ಅದರ ದವಡೆಗಳನ್ನು ಮುಚ್ಚಿ, ಸೊನ್ನೆ ಸೊನ್ನೆಗೇ ಕೂಡುತ್ತದೆಯೇ ನೋಡಿ ಎಂದರು. ಏನೂ ಇಲ್ಲದಾಗಲೂ ಏನೋ ಇದೆಯೆಂದು ತೋರಿಸುವ ಉಪಕರಣವಿದ್ದೀತು. ಆ ಸೊನ್ನೆಯ ದೋಷವನ್ನು ಬರೆದುಕೊಂಡು, ಪ್ರತಿ ಅಳತೆಯಿಂದಲೂ ಕಳೆಯಬೇಕು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ವಿಲಿಯಂ ಲ್ಯಾಂಬ್ಟನ್ ಆಧಾರರೇಖೆಯನ್ನು ಅಳೆದಾಗ, ಉಕ್ಕಿನ ಸರಪಳಿ ಬಿಸಿಲಿಗೆ ಹಿಗ್ಗುತ್ತದೆಂದು ಉಷ್ಣಮಾಪಕವನ್ನೂ ಜೊತೆಗಿರಿಸಿಕೊಂಡು, ಆ ಹಿಗ್ಗನ್ನು ಲೆಕ್ಕದಿಂದ ಕಳೆದ. ನಿಜವಾಗಿ ಅಳೆಯಬಲ್ಲವನ ಲಕ್ಷಣವೇ ಇದು: ತನ್ನ ಅಳತೆಯ ಜೊತೆಗೆ ತನ್ನ ತಪ್ಪನ್ನೂ ಅಳೆಯುವುದು.

ಹೊಲದ ಬದುವಿನ ಮೇಲೆ ಕುಳಿತಿದ್ದ ನಮ್ಮ ಸೊನ್ನೆಯ ದೋಷ ಎಷ್ಟಿತ್ತು? ಫೋನು ತೆರೆಯುವ ಮೊದಲೇ ಅಣ್ಣನ ಕಡೆ ಹೆಚ್ಚು ಬರುತ್ತದೆಂದು ನಾವು ಒಳಗೊಳಗೆ ತೀರ್ಮಾನಿಸಿ ಆಗಿತ್ತು. ಬಂದ ಅಂಕಿ ಆ ತೀರ್ಮಾನಕ್ಕೆ ಹೊಂದಿದ್ದರಿಂದ ಎರಡನೆಯ ಬಾರಿ ನೋಡುವ ಅಗತ್ಯ ಕಾಣಲಿಲ್ಲ. ಅದೇ ಅಂಕಿ ನಮ್ಮ ಭಾಗಕ್ಕೆ ಬಂದಿದ್ದರೆ? "ಈ ಆ್ಯಪ್‌ಗಳನ್ನು ನಂಬಲಾಗದು" ಎಂದು ಫೋನನ್ನು ಕಿಸೆಗೆ ಹಾಕಿಕೊಳ್ಳುತ್ತಿದ್ದೆವು. ಇನ್ನೂ ಒಂದು ಸಂಗತಿ. ಹತ್ತಿ ಎದೆಮಟ್ಟ ನಿಂತಿತ್ತೆಂಬುದು ನಿಜ. ಆದರೂ ನಮ್ಮ ಭಾಗದ ಸುತ್ತಲಿನ ಬದುವಿನ ಮೇಲೆ ನಡೆಯಲು ಅಡ್ಡಿಯೇನಿರಲಿಲ್ಲ. ನಡೆಯಬೇಕೆಂದು ಅನಿಸಲಿಲ್ಲ, ಅಷ್ಟೆ. ನಡೆದಿದ್ದರೆ ಎರಡು ಅಂಕಿಗಳು ಅಕ್ಕಪಕ್ಕ ನಿಂತು, ನಮ್ಮ ತಪ್ಪು ಅಲ್ಲಿಯೇ ಬಯಲಾಗುತ್ತಿತ್ತು. ಸಂಶಯವು ಇನ್ನೊಬ್ಬರ ಹೊಲವನ್ನು ಮಾತ್ರ ಅಳೆಯುತ್ತದೆ. ಅದು ಸಂಶಯದ ಸ್ವಭಾವ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆ ನಮ್ಮಲ್ಲಿದೆ. ಕನ್ನಡದ ಈ 'ಪ್ರಮಾಣ' ಬಹಳ ಜಾಣ ಶಬ್ದ. ಪ್ರಮಾಣವೆಂದರೆ ಅಳತೆ, ಪ್ರಮಾಣವೆಂದರೆ ಆಧಾರ, ಸಾಕ್ಷ್ಯ, ಪ್ರಮಾಣ ಮಾಡುವುದೆಂದರೆ ಆಣೆ ಇಡುವುದು. ಫೋನು ನಮಗೆ ಕೊಟ್ಟದ್ದು ಮೊದಲನೆಯ ಅರ್ಥದ ಪ್ರಮಾಣ, ಅದೂ ಸುಮಾರಾದದ್ದು. ಅದನ್ನು ನಾವು ಎರಡನೆಯ ಅರ್ಥದಲ್ಲಿ ತೆಗೆದುಕೊಂಡೆವು. ಊಟದ ತಟ್ಟೆಯ ಮುಂದೆ ಮೂರನೆಯ ಅರ್ಥದಲ್ಲಿ ನುಡಿದೆವು. ಒಂದೇ ಶಬ್ದವೆಂದು ಒಂದು ಅರ್ಥದಿಂದ ಇನ್ನೊಂದಕ್ಕೆ ಹಾರುವಾಗ, ನಡುವೆ ನಿಂತು ಕಾಯಬೇಕಾದದ್ದೇ ಪ್ರಾಮಾಣಿಕತೆ. ಆ ಶಬ್ದವೂ ಪ್ರಮಾಣದಿಂದಲೇ ಹುಟ್ಟಿದ್ದು.

ಹಾಗಾದರೆ ಅಳೆಯಲೇಬಾರದೆ? ಸಂಬಂಧ ಕೆಡುತ್ತದೆಂದು ಕಣ್ಣು ಮುಚ್ಚಿಕೊಂಡು ಇರಬೇಕೆ? ಹೀಗೆಂದು ಹೇಳುವವರ ಮಾತನ್ನು ನಾವು ಒಪ್ಪುವುದಿಲ್ಲ. ಅಳತೆಯಿಲ್ಲದ ಕಡೆ ಬಲವಿದ್ದವನ ಮಾತೇ ಗಡಿಯಾಗುತ್ತದೆ. ಒತ್ತುವರಿ ನಡೆಯುವುದು ಸುಳ್ಳಲ್ಲ. ಊರಿನಲ್ಲಿ ಇಲ್ಲದವರ, ವಯಸ್ಸಾದವರ, ವಿಧವೆಯರ ನೆಲವನ್ನು ಅಂಗುಲ ಅಂಗುಲವಾಗಿ ನುಂಗುವವರೂ ಇದ್ದಾರೆ. ಅಂಥವರಿಗೆ ಕಿಸೆಯಲ್ಲಿರುವ ಈ ಅಳತೆಗೋಲು ಆಸರೆಯಾಗಬಲ್ಲದು. ಪ್ರಶ್ನೆ ಅಳೆಯಬೇಕೋ ಬೇಡವೋ ಎಂಬುದಲ್ಲ, ಹೇಗೆ ಅಳೆಯಬೇಕು ಎಂಬುದು.

ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ, ಭೂಮಾಪಕರು ಬರುವ ಮುನ್ನ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟೀಸು ಹೋಗುತ್ತದೆ. ಅವರ ಸಮಕ್ಷಮದಲ್ಲಿ, ಹಳೆಯ ಟಿಪ್ಪಣಿಯ ಆಧಾರದಿಂದ ಅಳೆದು ಗಡಿಯನ್ನು ಗುರುತಿಸುತ್ತಾರೆ. ಗುಮಾಸ್ತರಾದ ನಾವು ಇದನ್ನು ಬರಿಯ ಕಚೇರಿಯ ಕ್ರಮವೆಂದು ಎಣಿಸಿದ್ದೆವು. ಈಗ ಯೋಚಿಸಿದರೆ ಅದರಲ್ಲಿ ನೀತಿಯೇ ಅಡಗಿದೆ. ಯಾರ ವಿರುದ್ಧ ಅಳತೆ ಮಾತಾಡಬಹುದೋ ಅವರೂ ಅಲ್ಲಿ ನಿಂತಿರಬೇಕು. ನಾವಾದರೋ ಅಣ್ಣ ಸಂತೆಗೆ ಹೋಗುವುದನ್ನು ಕಾದಿದ್ದೆವು.

ಆ ದಿನವೇ ರಾತ್ರಿ ಅಣ್ಣನಿಗೆ ಫೋನು ಮಾಡಿದೆವು. ಸೆಂಟ್ಸು, ಗುಂಟೆ, ದಶಮಾಂಶ ಎಂದು ತಡವರಿಸುತ್ತ ತಪ್ಪನ್ನು ಒಪ್ಪಿಕೊಂಡೆವು. ಅವನು, "ಇರ್ಲಿ ಬಿಡು. ಮುಂದಿನ ಸಲ ಬಂದಾಗ ನಿಂದೂ ಒಂದ ಸಲ ಅಳದು ನೋಡು" ಎಂದ. ಸಿಟ್ಟಿನಿಂದ ಹೇಳಿದನೋ ನಗುತ್ತ ಹೇಳಿದನೋ ಫೋನಿನಲ್ಲಿ ತಿಳಿಯಲಿಲ್ಲ. ಯುಗಾದಿಗೆ ಹೋದಾಗ ಹತ್ತಿ ಕಿತ್ತಾಗಿತ್ತು. ಈ ಸಲ ಅಣ್ಣನನ್ನೂ ಕರೆದುಕೊಂಡು ನಮ್ಮ ಭಾಗವನ್ನು ಸುತ್ತಿದೆವು. ಬಂದದ್ದು 2.43 ಎಕರೆ. ಅವನದಕ್ಕಿಂತ .02 ಹೆಚ್ಚು, ಒಂದು ಗುಂಟೆಗೂ ಕಡಿಮೆ. ಯಂತ್ರದ ತಪ್ಪಿನೊಳಗೆ ಎಲ್ಲೋ ಕರಗಿಹೋಗುವಷ್ಟು. ಆದರೂ ನಮ್ಮ ಹಿಂದಿನ ನ್ಯಾಯದಂತೆ ಅಣ್ಣ ನಮ್ಮನ್ನು ಕಳ್ಳರೆಂದು ಕರೆಯಬಹುದಾಗಿತ್ತು. ಅವನು ಫೋನನ್ನು ಇಣುಕಿ ನೋಡಿ, "ಬರೋಬ್ಬರಿ ಐತಿ" ಎಂದ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಉಡುಪಿಯ ಮಿತ್ರರು ಅಂದು ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು. ತಾಯಿಯ ಕಡೆಯಿಂದ ಆಸ್ತಿ ಸಾಗುವ ಅಳಿಯಸಂತಾನದ ಮನೆತನದವರು ಅವರು. ಅವರಿಗೆ ಅದು ಸಹಜವಾದ ಪ್ರಶ್ನೆ. "ಅಲ್ಲ ಮಾರಾಯ್ರೆ, ಅರ್ಧ ಅರ್ಧ ಎನ್ನುತ್ತೀರಿ. ನಿಮಗೆ ಅಕ್ಕ ತಂಗಿಯರಿಲ್ಲವೋ?"

ತಂಗಿಯಿದ್ದಾಳೆ. ಗದಗಿನಲ್ಲಿ. ತಂದೆಯವರ ದಿನಕರ್ಮದ ಮನೆಯಲ್ಲಿ ಯಾರೋ ಹಿರಿಯರು ಕೇಳಿದಾಗ, "ನನಗ್ಯಾಕ ಬೇಕು" ಎಂದಿದ್ದಳು. ಅಳುತ್ತಿದ್ದವಳು ಆಡಿದ ಆ ಎರಡು ಮಾತನ್ನು ನಾವಿಬ್ಬರೂ ಒಪ್ಪಿಗೆಯೆಂದು ತೆಗೆದುಕೊಂಡು, ಮತ್ತೆ ಕೇಳಲಿಲ್ಲ. ಹಿಂದೂ ವಾರಸಾ ಕಾಯಿದೆಯ 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆಯೆಂಬುದನ್ನು, ಕಚೇರಿಯಲ್ಲಿ ಬೇರೆಯವರಿಗೆ ವಿವರಿಸಿ ಹೇಳಿದವರು ನಾವು. 192 ಗುಂಟೆಯನ್ನು ಮೂರರಿಂದ ಭಾಗಿಸಿದರೆ 64. ಒಂದು ಎಕರೆ 24 ಗುಂಟೆ. ಒಂದು ಆಣೆಯೂ ಉಳಿಯದಂತೆ ಸರಿಯಾಗಿ ಭಾಗವಾಗುತ್ತದೆ.

ಇಲ್ಲದ ಇಪ್ಪತ್ತೈದು ಗುಂಟೆಗಾಗಿ ನಾವು ಒಡಹುಟ್ಟಿದವನ ಮೇಲೆ ಆಪಾದನೆ ಹೊರಿಸಿದೆವು. ಇದ್ದ ಅರವತ್ತನಾಲ್ಕು ಗುಂಟೆ ನಮ್ಮ ಕಣ್ಣಿಗೇ ಬೀಳಲಿಲ್ಲ. ಯಾವ ಆ್ಯಪ್ ಕೂಡ ಅದನ್ನು ತೋರಿಸುತ್ತಿರಲಿಲ್ಲ. ಫೋನು ನಾವು ಎಳೆದ ಗೆರೆಯೊಳಗೆ ಎಷ್ಟಿದೆಯೆಂದು ಹೇಳುತ್ತದೆ. ಗೆರೆ ಎಲ್ಲಿರಬೇಕಾಗಿತ್ತೆಂದು ಹೇಳುವುದಿಲ್ಲ. ಎಳೆಯದೆ ಬಿಟ್ಟ ಗೆರೆಯಂತೂ ಅದರ ಲೆಕ್ಕಕ್ಕೇ ಬಾರದು.

ಯುಗಾದಿಯ ಸಂಜೆ, ಬದುವಿನ ಮೇಲೆಯೇ ಕುಳಿತು, ಈ ಮಾತನ್ನು ಅಣ್ಣನ ಮುಂದೆ ಇಟ್ಟೆವು. ಅವನು ಬಹಳ ಹೊತ್ತು ಸುಮ್ಮನಿದ್ದ. ಉಳುವವನು ಅವನು, ಕೊಟ್ಟರೆ ಹೆಚ್ಚು ಕಳೆದುಕೊಳ್ಳುವವನೂ ಅವನೇ. ಆಮೇಲೆ "ಆಕಿನ್ನ ಕೇಳು" ಎಂದ. ಅಲ್ಲಿಂದಲೇ ತಂಗಿಗೆ ಫೋನು ಮಾಡಿದೆವು. ಪೀಠಿಕೆ ಹಾಕಿ, ಕಾಯಿದೆ ಹೇಳಿ, ಲೆಕ್ಕಕ್ಕೆ ಬರುವಷ್ಟರಲ್ಲಿ ಅವಳೇ ತಡೆದು, "ಒಂದ ಎಕರೆ ಇಪ್ಪತ್ನಾಕ ಗುಂಟೆ ಆಗತೈತಿ, ಹೌದಲ್ಲ? ನಾ ಆವಾಗ್ಲೇ ಲೆಕ್ಕಾ ಹಾಕೀನಿ" ಎಂದಳು.

ಮೂವರೂ ಕೂತು ಮಾತಾಡಬೇಕೆಂದು ಗೊತ್ತಾಗಿದೆ. ಮಾತಾಗುವುದಕ್ಕೂ ಕಾಗದವಾಗುವುದಕ್ಕೂ ಇರುವ ದೂರ ಎಷ್ಟೆಂಬುದು ಗುಮಾಸ್ತರಿಗೆ ತಿಳಿಯದ ವಿಷಯವಲ್ಲ. ಆದುದರಿಂದ ಇದನ್ನು ಸಾಧನೆಯೆಂದು ಹೇಳಿಕೊಳ್ಳುತ್ತಿಲ್ಲ. ಮುಂದಿನ ಬಾರಿ ಊರಿಗೆ ಹೊರಡುವ ಬಂಧುಗಳು ಫೋನಿನಲ್ಲಿ ಹೊಲವನ್ನು ಅವಶ್ಯ ಅಳೆಯಲಿ. ಮಾನವನ್ನು ನೋಡಿಕೊಳ್ಳಲಿ, ಚುಕ್ಕಿಯ ಸುತ್ತಲಿನ ವೃತ್ತವನ್ನು ನೋಡಿಕೊಳ್ಳಲಿ, ತಮ್ಮ ಭಾಗವನ್ನು ಮೊದಲು ಸುತ್ತಲಿ. ಅಳೆದಾದ ಮೇಲೆ, ಎಷ್ಟು ಜನರ ನಡುವೆ ಗೆರೆ ಎಳೆದಿದ್ದೇವೆಂದು ಬೆರಳು ಮಡಿಚಿ ಒಮ್ಮೆ ಎಣಿಸಲಿ. ಆ ಎಣಿಕೆಗೆ ಉಪಗ್ರಹ ಬೇಕಾಗಿಲ್ಲ.